ಉಡಿಕಿ ಪತ್ರ ಮತ್ತು ಒಂಬತ್ತು ದಿನ

ಕೊರೊನಾ ಹಾವಳಿ ತಗ್ಗಿದ ಮೇಲಿನ ಎರಡನೆಯ ವರ್ಷ. ಹೊಸಪೇಟೆಯಲ್ಲಿ ನಾನು ಅನುವಾದದ ಕಚೇರಿ ತೆರೆದು ಆಗ ಹನ್ನೊಂದು ವರ್ಷವಾಗಿತ್ತು. ಕಚೇರಿ ಎಂದರೆ ದೊಡ್ಡದಾಗಿ ಕಲ್ಪಿಸಿಕೊಳ್ಳಬೇಡಿ. ಕೋರ್ಟಿನ ಎದುರು ಸಾಲಿನಲ್ಲಿ, ಜೆರಾಕ್ಸ್ ಅಂಗಡಿಯ ಮಹಡಿಯ ಮೇಲೆ ಒಂದು ಕೋಣೆ. ಮೇಜು, ಪ್ರಿಂಟರು, ಎರಡು ಕುರ್ಚಿ ಹಿಡಿಸಿದರೆ ಮೂರನೆಯವರು ಮೆಟ್ಟಿಲ ಮೇಲೆ ನಿಲ್ಲಬೇಕು. ಅದಕ್ಕೆ ಮೊದಲು ಕಂಪ್ಲಿಯ ಒಂದು ಪ್ರೌಢಶಾಲೆಯಲ್ಲಿ ಇಂಗ್ಲಿಷ್ ಕಲಿಸುತ್ತಿದ್ದೆ. ಆ ಕೆಲಸ ಬಿಟ್ಟರೂ ಹೆಸರು ಬಿಡಲಿಲ್ಲ. ಇಡೀ ಕೋರ್ಟು ಸಾಲಿಗೆ ನಾನು ಇಂದಿಗೂ ‘ಟೀಚರ್’.

ನನಗೆ ಒಂದು ಕಾಯಿಲೆ ಇದೆ. ಚಿಂತೆ. ಗ್ಯಾಸ್ ಬಂದ್ ಮಾಡಿದೆನೇ ಎಂದು ಅರ್ಧ ದಾರಿಯಿಂದ ತಿರುಗಿ ಹೋಗಿ ನೋಡುವವಳು ನಾನು. ಕಚೇರಿಯಲ್ಲೂ ಹಾಗೆಯೇ. ಪ್ರಮಾಣಪತ್ರದ ನೋಂದಣಿ ಸಂಖ್ಯೆಯನ್ನು ಒಮ್ಮೆ ಎಡದಿಂದ, ಒಮ್ಮೆ ಬಲದಿಂದ, ಮತ್ತೊಮ್ಮೆ ಬಾಯಿಬಿಟ್ಟು ಓದಿ ತಾಳೆ ನೋಡದೆ ಸಹಿ ಹಾಕಿದ್ದೇ ಇಲ್ಲ. ನನ್ನ ಯಜಮಾನರು ಇದನ್ನು ನೋಡಿ, “ನೀನು ಸೀಲ್ ಒತ್ತಾಕ ಮುಹೂರ್ತ ಯಾಕ ಇಡಿಸಬಾರದು?” ಎಂದು ಕೇಳಿದ್ದುಂಟು. ಇಷ್ಟೆಲ್ಲ ಎಚ್ಚರವಿದ್ದೂ ನನ್ನ ವೃತ್ತಿಯ ಅತಿ ದೊಡ್ಡ ತಪ್ಪನ್ನು ನಾನು ಪೂರ್ತಿ ಎಚ್ಚರದಿಂದಲೇ ಮಾಡಿದೆ. ಅದನ್ನೇ ಇಲ್ಲಿ ಹೇಳಹೊರಟಿದ್ದೇನೆ.

ಅದಕ್ಕೆ ಮೊದಲು ಸರ್ಟಿಫೈಡ್ ಅನುವಾದ ಎಂದರೇನು ಎಂದು ಎರಡು ಮಾತು. ವಿದೇಶದ ವೀಸಾಕ್ಕೆ ಅರ್ಜಿ ಹಾಕುವಾಗ ಕನ್ನಡದ ದಾಖಲೆಗಳ ಜೊತೆ ಇಂಗ್ಲಿಷ್ ಅನುವಾದ ಕೊಡಬೇಕು. ಅನುವಾದದ ಕೆಳಗೆ ಅನುವಾದಕಿ ತನ್ನ ಹೆಸರು, ವಿಳಾಸ, ಓದು, ಅನುಭವ ಬರೆದು, ‘ಮೂಲದಲ್ಲಿ ಇರುವುದನ್ನೆಲ್ಲ ಇದ್ದ ಹಾಗೆಯೇ ತಂದಿದ್ದೇನೆ’ ಎಂದು ಸಹಿ ಮಾಡುತ್ತಾಳೆ. ನೋಟರಿ ವಕೀಲರು ಅದರ ಮೇಲೆ ಸೀಲ್ ಒತ್ತುತ್ತಾರೆ. ಆ ಸೀಲ್ ಬಿದ್ದರೆ ಬರೆದದ್ದೆಲ್ಲ ನಿಜವಾಗುತ್ತದೆ ಎಂದು ನಮ್ಮ ಕಡೆ ಜನ ನಂಬುತ್ತಾರೆ. ಹಾಗೇನಿಲ್ಲ. ಸಹಿ ಮಾಡಿದವಳು ಇವಳೇ ಎಂಬುದಕ್ಕಷ್ಟೇ ಅದು ಸಾಕ್ಷಿ. ಬರೆದದ್ದರ ಹೊಣೆ ಪೂರ್ತಿ ಬರೆದವಳದು.

ಆ ವರ್ಷ ದೀಪಾವಳಿ ಕಳೆದ ಮೇಲೆ ಕಂಪ್ಲಿಯಿಂದ ಮಂಜುಳಾ ಎಂಬಾಕೆ ಬಂದಳು. ಮೂವತ್ತರ ಆಸುಪಾಸು, ಮನೆಯಲ್ಲೇ ಬಟ್ಟೆ ಹೊಲಿಯುವ ಕೆಲಸ. ಜೊತೆಗೆ ಎಂಟು ವರ್ಷದ ಮಗಳು ಪಲ್ಲವಿ. ಗಂಡ ಹನುಮೇಶ ಸಂಡೂರಿನ ಗಣಿಯಲ್ಲಿ ದೊಡ್ಡ ಡಂಪರ್‌ಗಳ ಮೆಕ್ಯಾನಿಕ್ ಆಗಿದ್ದವನು, ಎರಡು ವರ್ಷದಿಂದ ಆಸ್ಟ್ರೇಲಿಯಾದ ಒಂದು ಕಬ್ಬಿಣದ ಅದಿರಿನ ಗಣಿಯಲ್ಲಿ ಅದೇ ಕೆಲಸಕ್ಕೆ ಹೋಗಿದ್ದ. ಈಗ ಹೆಂಡತಿ ಮಗಳನ್ನು ಕರೆಸಿಕೊಳ್ಳಲು ಕುಟುಂಬ ವೀಸಾಕ್ಕೆ ಅರ್ಜಿ ಹಾಕುತ್ತಿದ್ದ. ಎರಡು ವರ್ಷದಲ್ಲಿ ಅವನು ಊರಿಗೆ ಬಂದದ್ದು ಒಂದೇ ಸಲ. ಅಪ್ಪನ ಮುಖಕ್ಕಿಂತ ಅಪ್ಪನ ಮೊಬೈಲ್ ದನಿ ಆ ಹುಡುಗಿಗೆ ಹೆಚ್ಚು ಪರಿಚಿತವಾಗಿತ್ತು.

ಮಂಜುಳಾ ತಂದ ಪ್ಲಾಸ್ಟಿಕ್ ಫೈಲಿನಲ್ಲಿ ಮಗಳ ಜನನ ಪತ್ರ, ಶಾಲೆಯ ದಾಖಲಾತಿ ಪತ್ರ, ಮದುವೆ ನೋಂದಣಿ ಪತ್ರ, ನೋಂದಣಿಗೆ ಕೊಟ್ಟ ಅಫಿಡವಿಟ್ ಇದ್ದವು. ಒಂದು ಮರಣ ಪತ್ರವೂ ಇತ್ತು. ಮಂಜುಳಾಳ ಮೊದಲ ಗಂಡ ಕಾಮಾಲೆಯಿಂದ ತೀರಿಹೋಗಿದ್ದ. ಪಲ್ಲವಿ ಅವನ ಮಗಳು. ಎಲ್ಲದರ ತಳದಲ್ಲಿ ಮಡಿಕೆಯ ಗೆರೆ ಸವೆದ ಒಂದು ಛಾಪಾ ಕಾಗದ. ಕೈಬರಹ. ಮೇಲೆ ‘ಉಡಿಕಿ ಒಪ್ಪಿಗೆ ಪತ್ರ’ ಎಂದಿತ್ತು.

ನಮ್ಮ ಕಡೆ ಹಲವು ಸಮುದಾಯಗಳಲ್ಲಿ ಗಂಡ ಸತ್ತ ಹೆಣ್ಣು ಮತ್ತೆ ಸಂಸಾರ ಹೂಡಲು ಇರುವ ಹಳೆಯ ದಾರಿ ಉಡಿಕಿ. ಹಂದರವಿಲ್ಲ, ಓಲಗವಿಲ್ಲ, ಲಗ್ನಪತ್ರಿಕೆ ಇಲ್ಲ. ನಾಲ್ಕೈದು ಹಿರಿಯರು ಕೂತು ಮಾತು ಮುಗಿಸುತ್ತಾರೆ, ಗಂಡು ತಂದ ಸೀರೆಯನ್ನು ಹೆಣ್ಣು ಉಟ್ಟು ಬಂದರೆ ಆಯಿತು. ಮುತ್ತೈದೆಯರು ಅಲ್ಲಿ ಇರುವ ಹಾಗಿಲ್ಲ. ಕಾನೂನು ಇಂಥ ಪದ್ಧತಿಯ ಮದುವೆಯನ್ನು ಒಪ್ಪುತ್ತದೆ. ಊರ ಬಾಯಿ ಒಪ್ಪುವುದಿಲ್ಲ. ಊರ ಬಾಯಲ್ಲಿ ಅದು ಅರ್ಧ ಮದುವೆ.

ಪತ್ರದಲ್ಲಿ ಇದ್ದದ್ದು ಇಷ್ಟು. ‘ಹನುಮೇಶನು ಮಂಜುಳಾಳನ್ನು ಹಿರಿಯರ ಸಮಕ್ಷಮ ಸೀರೆ ಉಡಿಸಿ ಉಡಿಕಿ ಮಾಡಿಕೊಂಡಿರುತ್ತಾನೆ. ಆಕೆಯ ಮಗಳು ಪಲ್ಲವಿಯನ್ನು ತನ್ನ ಮಗಳೆಂದು ಮನೆ ತುಂಬಿಸಿಕೊಂಡಿರುತ್ತಾನೆ.’ ಕೆಳಗೆ ಐದು ಸಹಿ, ಅದರಲ್ಲಿ ಎರಡು ಹೆಬ್ಬೆಟ್ಟು.

ಓದಿದ ಕೂಡಲೇ ನನಗೆ ಕಂಪ್ಲಿಯ ನನ್ನ ಎಂಟನೇ ಕ್ಲಾಸು ನೆನಪಾಯಿತು. ಒಬ್ಬ ಹುಡುಗಿಯನ್ನು ಉಳಿದವರು ‘ಉಡಿಕಿಯಾಕಿ ಮಗಳು’ ಎಂದು ಆಡಿಕೊಂಡದ್ದಕ್ಕೆ ಅವಳು ಶಾಲೆ ಬಿಟ್ಟಿದ್ದಳು. ನಾನು ಪಲ್ಲವಿಯ ಕಡೆ ನೋಡಿದೆ. ಅವಳು ನನ್ನ ಸ್ಟೇಪ್ಲರ್ ಜೊತೆ ಆಡುತ್ತಿದ್ದಳು. ಈ ಮಾತು ಕಡಲಾಚೆಗೂ ಇವಳ ಬೆನ್ನು ಹತ್ತುವುದೇಕೆ ಅನ್ನಿಸಿತು. ಹಾಗಾಗಿ, ಸೀರೆ ಉಡಿಸಿದ ಮಾತು ಕೈಬಿಟ್ಟು, ‘ಹಿರಿಯರ ಸಮ್ಮುಖದಲ್ಲಿ ಹಿಂದೂ ವಿಧಿಗಳಂತೆ ಶಾಸ್ತ್ರೋಕ್ತವಾಗಿ ವಿವಾಹವಾಗಿದ್ದಾರೆ’ ಎಂಬ ಅರ್ಥ ಬರುವ ಒಂದು ಲಕ್ಷಣವಾದ ಇಂಗ್ಲಿಷ್ ವಾಕ್ಯ ಬರೆದೆ. ಯಾರೂ ಕೇಳಿರಲಿಲ್ಲ. ಮಂಜುಳಾ ಅಂತೂ ಕೇಳಿರಲೇ ಇಲ್ಲ. ಬರೆದು, ನೋಂದಣಿ ಸಂಖ್ಯೆಗಳನ್ನೆಲ್ಲ ಮೂರು ಸಲ ತಾಳೆ ನೋಡಿ, ಸಹಿ ಹಾಕಿ, ಒಳ್ಳೆಯ ಕೆಲಸ ಮಾಡಿದೆ ಎಂದುಕೊಂಡು ಮನೆಗೆ ಹೋಗಿ ನೆಮ್ಮದಿಯಾಗಿ ಉಂಡೆ. ಚಿಂತೆಯವಳಿಗೆ ಚಿಂತೆಯಾಗದ ದಿನವೇ ಅನುಮಾನಪಡಬೇಕಿತ್ತು.

ಯುಗಾದಿ ಕಳೆದು ಮೂರು ವಾರಕ್ಕೆ ಒಂದು ಮಧ್ಯಾಹ್ನ ಹನುಮೇಶನ ಅಣ್ಣ ಕುಮಾರಪ್ಪ ಕಚೇರಿಗೆ ಬಂದ. ಸಂಡೂರಿನಲ್ಲಿ ಅದಿರು ಲಾರಿಗಳ ಉಸ್ತುವಾರಿ ನೋಡುವವನು, ಮಾತು ದೊಡ್ಡದು. ಮೇಜಿನ ಮೇಲೆ ಒಂದು ಲಗ್ನಪತ್ರಿಕೆ ಇಟ್ಟ.

“ಇದನ್ನ ಜಲ್ದಿ ಇಂಗ್ಲಿಷ್ ಮಾಡಿಕೊಡ್ರಿ ಟೀಚರ್ರೀ. ಸಂಜೀಕ ಕೊಟ್ರ ಭಾಳ ಉಪಕಾರ ಆಗ್ತತಿ.”

ಕೈಗೆತ್ತಿಕೊಂಡೆ. ಹನುಮೇಶ, ಮಂಜುಳಾ, ಐದು ವರ್ಷದ ಹಿಂದಿನ ತಾರೀಖು, ಹೊಸಪೇಟೆಯ ಒಂದು ಕಲ್ಯಾಣ ಮಂಟಪ. ಬೆರಳಿಗೆ ಕುಂಕುಮ ಬಣ್ಣದ ಮಸಿ ಹತ್ತಿತು. ಐದು ವರ್ಷದ ಹಿಂದಿನ ಪತ್ರಿಕೆಯ ಮಸಿ ಇನ್ನೂ ಒಣಗಿರಲಿಲ್ಲ. ಅದೂ ಅಲ್ಲದೆ ಆ ಮಂಟಪ ಕಟ್ಟಿ ಮುಗಿದದ್ದು ಹಿಂದಿನ ವರ್ಷ. ಅದರ ಪ್ರಾರಂಭೋತ್ಸವದ ಊಟಕ್ಕೆ ನಾನೇ ಹೋಗಿದ್ದೆ.

“ಕುಮಾರಪ್ಪಾರ, ಏನಿದು?”

“ಏನಂದ್ರ? ಅವರು ಕೇಳ್ಯಾರ, ನಾವು ಕೊಡಾಕತ್ತೀವಿ. ನಾಳೆ ಫೋಟೋನೂ ರೆಡಿ ಆಗ್ತಾವು. ಮಂಜುಳಾನ್ನ ಹಂದರದಾಗ ಕುಂದ್ರಿಸಿ ತಗೀತಾರ. ಹನುಮೇಶನ ಮುಖ ಆಮ್ಯಾಲ ಕಂಪ್ಯೂಟರಿನ್ಯಾಗ ಕೂಡಿಸ್ತಾರ. ಸ್ಟುಡಿಯೋದವ ಹುಷಾರ್ ಅದಾನ.”

ಅವನ ಮೊಬೈಲಿನಲ್ಲಿ ವೀಸಾ ಕಚೇರಿಯ ಇಮೇಲ್ ಇತ್ತು. ಅಧಿಕಾರಿ ಮೂರು ಸಂಗತಿಗಳನ್ನು ಪಕ್ಕಪಕ್ಕದಲ್ಲಿ ಇಟ್ಟಿದ್ದರು. ಅನುವಾದವು ಶಾಸ್ತ್ರೋಕ್ತ ವಿವಾಹ ಎನ್ನುತ್ತದೆ. ನೋಂದಣಿಯ ಅಫಿಡವಿಟ್ಟು ‘ಲಗ್ನಪತ್ರಿಕೆ ಮಾಡಿಸಿಲ್ಲ’ ಎನ್ನುತ್ತದೆ. ಹನುಮೇಶ ಫೋನ್ ವಿಚಾರಣೆಯಲ್ಲಿ ‘ಐದು ಜನರ ಮುಂದೆ ಸೀರೆ ಕೊಟ್ಟೆ, ಅಷ್ಟೇ’ ಎಂದಿದ್ದಾನೆ. ಈ ವೈರುಧ್ಯಕ್ಕೆ ವಿವರಣೆ ಕೊಡಿ. ವಿಧಿಗಳು ನಡೆದಿದ್ದರೆ ಫೋಟೋ, ಪತ್ರಿಕೆ ಕೊಡಿ. ಇಪ್ಪತ್ತೆಂಟು ದಿನದ ಗಡುವು. ಹನುಮೇಶ ಗಣಿಯ ಕ್ಯಾಂಪಿನಲ್ಲಿ ಇದ್ದು ಇಮೇಲ್ ನೋಡಿದ್ದೇ ತಡವಾಗಿತ್ತು. ಅಣ್ಣನಿಗೆ ಕಳಿಸಿ, ಅಣ್ಣ ಇದಕ್ಕೊಂದು ದಾರಿ ಹುಡುಕುವಷ್ಟರಲ್ಲಿ ಹತ್ತೊಂಬತ್ತು ದಿನ ಕಳೆದಿದ್ದವು. ಒಂಬತ್ತು ಉಳಿದಿದ್ದವು.

ಆ ಅಫಿಡವಿಟ್ಟನ್ನು ಅನುವಾದ ಮಾಡಿದವಳೂ ನಾನೇ. ಮೂರು ಸಲ ತಾಳೆ ನೋಡಿದ್ದೆನಲ್ಲ, ಬರೀ ಅಂಕಿಗಳನ್ನು.

“ಇದು ಸುಳ್ಳು ದಾಖಲೆ. ಸಿಕ್ಕಿಬಿದ್ರೆ ವೀಸಾ ತಿರಸ್ಕಾರ ಮಾಡೋದಷ್ಟೇ ಅಲ್ಲ, ಮುಂದೆ ವರ್ಷಗಟ್ಟಲೆ ಅರ್ಜಿ ಹಾಕೋಕೂ ಬಿಡೋದಿಲ್ಲ” ಎಂದೆ.

ಕುಮಾರಪ್ಪ ನಕ್ಕ. “ಸುಳ್ಳು ಹೆಂಗ್ರೀ? ಶಾಸ್ತ್ರೋಕ್ತ ಲಗ್ನ ಅಂತ ಬರದಾರು ನೀವ. ನಿಮ್ಮ ಸಹಿ, ನಿಮ್ಮ ಸೀಲು. ನೀವು ಬರದಂಗ ನಾವು ಲಗ್ನ ಮಾಡಾಕತ್ತೀವಿ.”

ಪತ್ರಿಕೆ ನನ್ನ ಹತ್ತಿರವೇ ಇರಲಿ, ನಾಳೆ ಮಾತಾಡೋಣ ಎಂದು ಅವನನ್ನು ಕಳಿಸಿದೆ. ತಪ್ಪನ್ನು ಒಪ್ಪಿಕೊಂಡರೆ ಹನ್ನೊಂದು ವರ್ಷದ ಹೆಸರು ಹೋಗುತ್ತದೆ. ಸುಮ್ಮನಿದ್ದರೆ ಒಂದು ಸಂಸಾರ ಹೋಗುತ್ತದೆ. ಲೆಕ್ಕ ಇಷ್ಟು ಸರಳವಾಗಿದ್ದರೂ ನಿರ್ಧಾರಕ್ಕೆ ಬರಲು ನನಗೆ ಬೆಳಗಿನವರೆಗೆ ಬೇಕಾಯಿತು ಎಂಬುದನ್ನು ಮುಚ್ಚಿಡುವುದಿಲ್ಲ.

ಮರುದಿನ ಮೊದಲ ಬಸ್ಸಿಗೆ ಕಂಪ್ಲಿಗೆ ಹೋದೆ. ಮಂಜುಳಾ ಹೊಲಿಗೆ ಯಂತ್ರದ ಮುಂದೆ ಕೂತಿದ್ದಳು. ಸ್ಟುಡಿಯೋಕ್ಕೆ ಉಡಲೆಂದು ಕುಮಾರಪ್ಪ ಕಳಿಸಿದ್ದ ಜರಿ ಸೀರೆ ಕವರಿನಿಂದ ಹೊರಗೆ ಬಂದಿರಲಿಲ್ಲ. ನಾನು ಕೂತು, ನೀರು ಕುಡಿದು, ಏನು ಬರೆದಿದ್ದೆ, ಅದರಿಂದ ಏನಾಗಿದೆ ಎಂದು ಪೂರ್ತಿ ಹೇಳಿದೆ. ತಪ್ಪು ನನ್ನದು ಎಂದೆ.

ಅವಳು ಯಂತ್ರದ ಚಕ್ರದ ಮೇಲೆ ಕೈಯಿಟ್ಟು ನಿಲ್ಲಿಸಿದಳು. “ಯಾಕ್ರೀ ಟೀಚರ್ರೀ, ಉಡಿಕಿ ಅಂತ ಬರಿಯಾಕ ನಾಚಿಗಿ ಆತೇನು ನಿಮಗ?”

“ಪಲ್ಲವಿ ಮುಖ ನೋಡಿ...”

“ಪಲ್ಲವಿ ಸಲುವಾಗೇ ಆದದ್ದ್ರೀ ಅದು” ಎಂದಳು. “ಉಡಿಕಿ ಆದಾಕಿ ಮೊದಲಿನ ಗಂಡನ ಕೂಸಿನ್ನ ಅವರ ಮನ್ಯಾಗ ಬಿಟ್ಟು ಹೋಗಬೇಕು, ಅದು ನಮ್ಮಲ್ಲಿ ರೂಢಿ. ಇವರು ಗುಡ್ಯಾಗ ಲಗ್ನ ಆಗೋಣ ಅಂದ್ರು. ನಾ ಬ್ಯಾಡ ಅಂದೆ. ಹಿರ್ಯಾರು ಕುಂದ್ರಲಿ, ಕೂಸು ನನ್ನ ಜೋಡಿ ಬರ್ತತಿ ಅಂತ ಕಾಗದದಾಗ ಬರೀಲಿ, ಆಮ್ಯಾಲ ಸೀರಿ ಉಡ್ತೀನಿ ಅಂದೆ. ಬರದ್ರು. ಆ ಕಾಗದ ನನಗ ಹತ್ತು ಲಗ್ನದಷ್ಟು. ನೀವು ಅದನ್ನ ತೊಳದು ಇಸ್ತ್ರಿ ಮಾಡಿಬಿಟ್ಟೀರಿ.”

ಹೊಲಿಯುವವಳ ಬಾಯಿಂದ ಬಂದ ಮಾತು. ಇಂದಿಗೂ ನನ್ನ ಬೆನ್ನ ಮೇಲೆ ಆ ಇಸ್ತ್ರಿ ಪೆಟ್ಟಿಗೆಯ ಬಿಸಿ ಇದೆ.

ಅವಳು ಅಲ್ಲಿಂದಲೇ ಕುಮಾರಪ್ಪನಿಗೆ ಫೋನ್ ಹಚ್ಚಿ, ಸ್ಪೀಕರ್ ಹಾಕಿದಳು. ಫೋಟೋಕ್ಕೆ ಬರುವುದಿಲ್ಲ, ಉಡಿಕಿ ಅಂತಲೇ ಬರೆದು ಕಳಿಸುತ್ತೇವೆ ಎಂದಳು.

“ನಮ್ಮ ಮನಿ ಮರ್ಯಾದಿ ಫಾರಿನ್ನಿನ್ಯಾಗ ಹರಾಜಿಗಿ ಇಡ್ತಿಯೇನವಾ?” ಅವನ ದನಿ ಕೋಣೆ ತುಂಬಿತು.

“ಭಾವಾರ, ನನ್ನ ಕರಕೊಂಡು ಬಂದ ದಿನ ನೀವ ಹೊಸ್ತಿಲದಾಗ ನಿಂತು ಕೂಸಿನ್ನ ಎತ್ತಿಕೊಂಡ್ರಿ. ಅವತ್ತು ಹೋಗಲಾರದ ಮರ್ಯಾದಿ ಇಂಗ್ಲಿಷಿನ್ಯಾಗ ಬರದ್ರ ಹೋಗ್ತತೇನು?”

ಕುಮಾರಪ್ಪ ಫೋನ್ ಇಟ್ಟ. ಒಪ್ಪಿದನೋ ಸಿಟ್ಟಾದನೋ ತಿಳಿಯಲಿಲ್ಲ. ಆದರೆ ಅರ್ಜಿಯ ಖಾತೆಯ ಪಾಸ್‌ವರ್ಡ್ ಅವನ ಬಳಿಯೂ ಇತ್ತು. ಸಿಟ್ಟಿನಲ್ಲಿ ಆ ಪತ್ರಿಕೆಯ ಇನ್ನೊಂದು ಪ್ರತಿಯನ್ನು ಅವನೇ ಅಪ್‌ಲೋಡ್ ಮಾಡಿಬಿಟ್ಟರೆ ನಮ್ಮ ಸತ್ಯವೂ ಅದರ ಜೊತೆಗೇ ಮುಳುಗುತ್ತಿತ್ತು. ಮುಂದಿನ ದಿನಗಳಲ್ಲಿ ನಾನು ಗ್ಯಾಸಿನ ಚಿಂತೆಯನ್ನೇ ಮರೆತಿದ್ದೆ.

ಮಾಡಬೇಕಾದ ಕೆಲಸ ಮೂರು. ಮೊದಲನೆಯದು, ಹೊಸ ಅನುವಾದ. ‘ಉಡಿಕಿ’ ಎಂಬುದನ್ನು ಹಾಗೆಯೇ ಉಳಿಸಿ, ಅದೇನು ಎಂದು ಕೆಳಗೆ ಟಿಪ್ಪಣಿ ಕೊಟ್ಟೆ; ಸೀರೆ ಉಡಿಸಿದ ಸಾಲನ್ನು ಅದರ ಜಾಗಕ್ಕೆ ತಂದೆ. ಎರಡನೆಯದು, ಪತ್ರಕ್ಕೆ ಸಹಿ ಮಾಡಿದ ಹಿರಿಯರಿಂದ ನೋಟರಿಯ ಮುಂದೆ ಅಫಿಡವಿಟ್ಟು. ಮೂರನೆಯದು, ಹಳೆಯ ಅನುವಾದ ಏಕೆ ತಪ್ಪಾಯಿತು ಎಂದು ನನ್ನದೇ ಹೇಳಿಕೆ.

ಆ ಮೂರನೆಯದಕ್ಕೆ ನಮ್ಮ ನೋಟರಿ ವಕೀಲರು ಸುಲಭದ ಉಪಾಯ ಹೇಳಿದರು. ಎಪ್ಪತ್ತು ದಾಟಿದ ಸಾಧು ಮನುಷ್ಯ. “ಟೈಪಿಂಗ್ ಮಿಸ್ಟೇಕ್ ಅಂತ ಒಂದು ಲೈನ್ ಬರೀರಿ ಟೀಚರ್. ನಿಮ್ಮ ಹೆಸರೂ ಉಳೀತತಿ.” ನಿಜ ಹೇಳುತ್ತೇನೆ, ಆ ಸಾಲನ್ನು ಟೈಪ್ ಮಾಡಿದೆ. ಅದನ್ನು ನೋಡಿದೆ. ಒಂದು ಇಡೀ ಮದುವೆಯನ್ನು ಯಾವ ಬೆರಳು ತಪ್ಪಿ ಟೈಪ್ ಮಾಡೀತು? ಅಳಿಸಿ, ‘ಕುಟುಂಬಕ್ಕೆ ಅವಮಾನವಾದೀತು ಎಂದು ನಾನೇ ಊಹಿಸಿಕೊಂಡು, ಅವರಿಗೆ ತಿಳಿಸದೆ, ಪದ್ಧತಿಯ ಹೆಸರನ್ನು ಬದಲಿಸಿದೆ. ಅರ್ಜಿದಾರರದು ಇದರಲ್ಲಿ ಯಾವ ಪಾತ್ರವೂ ಇಲ್ಲ’ ಎಂದು ಬರೆದೆ. ನನ್ನ ವೃತ್ತಿಜೀವನದಲ್ಲಿ ಮತ್ತೊಮ್ಮೆ ಓದಿ ನೋಡದೆ ಸಹಿ ಹಾಕಿದ ಕಾಗದ ಅದೊಂದೇ.

ಸಹಿ ಮಾಡಿದ ಐವರಲ್ಲಿ ಇಬ್ಬರು ತೀರಿಹೋಗಿದ್ದರು, ಇಬ್ಬರು ದುಡಿಯಲು ದೂರ ಹೋಗಿದ್ದರು. ಉಳಿದದ್ದು ಮಂಜುಳಾಳ ಸೋದರಮಾವ, ಬುಕ್ಕಸಾಗರದ ಪಂಪಣ್ಣ. ಬೇಸಿಗೆ ಬೆಳೆಯ ಭತ್ತ ಕೊಯ್ಲಿಗೆ ಬಂದಿತ್ತು. ಹೊಸಪೇಟೆಗೆ ಬನ್ನಿ ಎಂದರೆ, “ಮಷಿನ್ನು ನಾಳೆ ಬರ್ತೀನಿ ಅಂತ ನಾಕು ದಿನದಿಂದ ಹೇಳಾಕತ್ತೈತಿ, ನಾ ಗದ್ದಿ ಬಿಟ್ಟು ಬಂದ್ರ ಅದು ಬಾಜೂಕಿನವನ ಗದ್ದಿಗೆ ಹೊಕ್ತತಿ” ಎಂದ. ಹೀಗೇ ಮೂರು ದಿನ ಹೋದವು. ಉಳಿದದ್ದು ನಾಲ್ಕು. ಅವನು ಬರದಿದ್ದರೆ ನಾವೇ ಹೋಗಬೇಕು. ನೋಟರಿ ವಕೀಲರು ಕಾರು ಸಿಗುವವರೆಗೆ ಕಾಯೋಣ ಎಂದರು. ನಾನು ಸ್ಕೂಟರ್ ಹೊರಗೆ ತೆಗೆದೆ. ಕಮಲಾಪುರ ದಾಟುವವರೆಗೂ ಅವರು ಹಿಂದಿನ ಸೀಟಿನಲ್ಲಿ ಸೀಲಿನ ಪೆಟ್ಟಿಗೆ ಎದೆಗೆ ಅವಚಿಕೊಂಡು ಏನನ್ನೋ ಪಠಿಸುತ್ತಿದ್ದರು. ಹೆದರಿದವರು ಇಬ್ಬರೂ, ಬಾಯಿಬಿಟ್ಟವರು ಅವರೊಬ್ಬರೇ.

ಯಂತ್ರ ಅದೇ ತಾನೇ ಗದ್ದೆಗೆ ಇಳಿದಿತ್ತು. ಪಂಪಣ್ಣ ಬದುವಿನ ಮೇಲೆ ಕೂತ. ತಲೆಯ ಟವೆಲಿನ ತುಂಬ ಹೊಟ್ಟು. ನಾನು ಕೇಳಬೇಕಾದ್ದನ್ನು ಕೇಳಿದೆ. “ತಾತ, ಒಂದು ಫೋಟೋನಾದ್ರೂ ಯಾಕೆ ತೆಗೀಲಿಲ್ಲ?”

“ಉಡಿಕಿಗಿ ಯಾರವಾ ಫೋಟೋ ತಗೀತಾರ? ಮುತ್ತೈದೇರು ನೋಡಬಾರದು ಅಂತ ನಮ್ಮಾಕಿನ್ನ ಹೊರಗ ಕಳಿಸಿದ್ವಿ. ಫೋಟೋದಾವನಿಗಿ ಒಳಗ ಬಿಡ್ತೀವೇನು? ಹಸರ ಸೀರಿ. ಆಕಿ ಉಟಗೊಂಡು ಬಂದ್ಲು. ಹನುಮ್ಯಾ ಕೂಸಿನ್ನ ಎತಗೊಂಡ. ಅದು ಅವನ ಅಂಗಿ ಮ್ಯಾಲೆ ಒಂದಕ್ಕ ಮಾಡಿತು. ಶಕುನ ಚಲೋ ಐತಿ ಅಂದೆ ನಾನು.” ನೋಟರಿಗಳ ಕಡೆ ತಿರುಗಿದ. “ಅದನ್ನೂ ಬರಕೋರಿ ಮತ್ತ.”

ಬರೆದುಕೊಂಡೆ. ಇಂಗ್ಲಿಷಿನಲ್ಲೂ ಅದನ್ನು ಬಿಡಲಿಲ್ಲ. ಒಮ್ಮೆ ಸುಟ್ಟುಕೊಂಡಿದ್ದೆನಲ್ಲ. ಭತ್ತದ ದೂಳಿನಲ್ಲಿ ಪಂಪಣ್ಣ ಒಂದೊಂದೇ ಅಕ್ಷರ ಕೂಡಿಸಿ ಸಹಿ ಮಾಡಿದ. ನೋಟರಿಗಳು ಸ್ಕೂಟರಿನ ಸೀಟಿನ ಮೇಲೆ ಕಾಗದವಿಟ್ಟು ಸೀಲ್ ಒತ್ತಿದರು.

ಗಡುವಿಗೆ ಎರಡು ದಿನ ಇರುವಾಗ ಎಲ್ಲವನ್ನೂ ಅಪ್‌ಲೋಡ್ ಮಾಡಲು ಕೂತೆವು. ಹನುಮೇಶ ಫೋನಿನಲ್ಲಿ, ಮಂಜುಳಾ ನನ್ನ ಪಕ್ಕದಲ್ಲಿ. ಖಾತೆ ತೆರೆಯುವಾಗ ಅವಳು ಕಣ್ಣು ಮುಚ್ಚಿಕೊಂಡಿದ್ದಳು. ಪಟ್ಟಿಯಲ್ಲಿ ಹೊಸದಾಗಿ ಏನೂ ಸೇರಿರಲಿಲ್ಲ. ಕುಮಾರಪ್ಪ ಪತ್ರಿಕೆ ಹಾಕಿರಲಿಲ್ಲ. ಅವಳು ಉಸಿರು ಬಿಟ್ಟಳು, ನಾನೂ ಬಿಟ್ಟೆ. ಉಡಿಕಿ ಪತ್ರ, ಹೊಸ ಅನುವಾದ, ಪಂಪಣ್ಣನ ಅಫಿಡವಿಟ್ಟು, ಪೋಷಕನೆಂದು ಹನುಮೇಶನ ಹೆಸರಿದ್ದ ಶಾಲೆಯ ದಾಖಲಾತಿ, ಕೊನೆಗೆ ನನ್ನ ತಪ್ಪೊಪ್ಪಿಗೆ. ಕೊನೆಯದು ಮಾತ್ರ ಎರಡು ಸಲ ಅರ್ಧಕ್ಕೇ ನಿಂತಿತು. ಮೂರನೆಯ ಸಲ ಹೋಯಿತು.

ಆರು ವಾರ ಸುದ್ದಿ ಇಲ್ಲ. ಏಳನೆಯ ವಾರ ಮಂಜುಳಾಳಿಗೇ ಫೋನ್ ವಿಚಾರಣೆಗೆ ದಿನ ಗೊತ್ತಾಯಿತು. “ಏನಂತ ಹೇಳಲ್ರೀ?” ಎಂದು ಕೇಳಿದಳು. ಏನೂ ಹೇಳಿಕೊಡುವುದಿಲ್ಲ ಎಂದೆ. ನಲವತ್ತು ನಿಮಿಷ ಅವಳು ಒಳಕೋಣೆಯಲ್ಲಿ ಮಾತಾಡಿದಳು. ನಾನು ಅವಳ ಅಂಗಳದಲ್ಲಿ ಪಲ್ಲವಿಯ ಜೊತೆ ಕೂತು, ಅವಳ ಕನ್ನಡ ಪುಸ್ತಕದ ಪುಟಸಂಖ್ಯೆಗಳನ್ನು ತಾಳೆ ನೋಡುತ್ತಿದ್ದೆ. ಹೊರಗೆ ಬಂದವಳ ಮುಖ ಬೆವೆತಿತ್ತು.

“ಸೀರಿ ಯಾವ ಬಣ್ಣ ಅಂತ ಕೇಳಿದ್ರು. ಈಗ ಎಲ್ಲೈತಿ ಅಂತ ಕೇಳಿದ್ರು.”

“ಏನಂದೆ?”

“ಪಲ್ಲವಿಗಿ ಲಂಗ ಹೊಲ್ದು ಉಳದದ್ದು ಟ್ರಂಕಿನ್ಯಾಗ ಐತಿ ಅಂದೆ. ಆ ಕಡೀಗೆ ಆಯಮ್ಮ ನಕ್ಕಂಗಾತು.”

ಅದಾಗಿ ಇಪ್ಪತ್ತು ದಿನಕ್ಕೆ ಇಬ್ಬರಿಗೂ ವೀಸಾ ಬಂತು. ನನ್ನ ತಪ್ಪೊಪ್ಪಿಗೆಯ ಬಗ್ಗೆ ಅಲ್ಲಿಂದ ಒಂದು ಮಾತೂ ಬರಲಿಲ್ಲ. ಬರಬಹುದು ಎಂದು ವರ್ಷವಿಡೀ ಇಮೇಲ್ ನೋಡುತ್ತಿದ್ದೆ. ಈಗಲೂ ಆಗೊಮ್ಮೆ ಈಗೊಮ್ಮೆ ನೋಡುತ್ತೇನೆ.

ಕಾಗದದ ಮೇಲಿನ ಬದುಕಿನಲ್ಲಿ ಯಾವುದು ನಾಚಿಕೆ, ಯಾವುದು ಅಭಿಮಾನ ಎಂದು ತೀರ್ಮಾನಿಸುವುದು ಅನುವಾದಕಿಯ ಕೆಲಸವಲ್ಲ. ನಾನು ಮುಚ್ಚಿದ ಸಾಲೇ ಅವರ ಸಂಸಾರದ ಅತಿ ಗಟ್ಟಿ ಸಾಕ್ಷಿಯಾಗಿತ್ತು. ಇದನ್ನು ನಾನು ಹನ್ನೊಂದು ವರ್ಷ ಕೆಲಸ ಮಾಡಿದ ಮೇಲೆ ಕಲಿತೆ.

ಕಳೆದ ಶ್ರಾವಣದಲ್ಲಿ ಕುಮಾರಪ್ಪ ಮತ್ತೆ ಮೆಟ್ಟಿಲು ಹತ್ತಿ ಬಂದ. ಆ ಫೋನಿನ ನಂತರ ನಮ್ಮಿಬ್ಬರಿಗೆ ಮಾತಿರಲಿಲ್ಲ. ಈಗ ತನ್ನ ಮಗನ ಪಾಸ್‌ಪೋರ್ಟಿಗೆಂದು ಜನನ ಪತ್ರ ತಂದಿದ್ದ. ಮೇಜಿನ ಮೇಲೆ ಇಟ್ಟ, ಆದರೆ ಅದರ ಮೇಲಿನ ಕೈ ತೆಗೆಯಲಿಲ್ಲ.

“ಟೀಚರ್ರೀ, ಇದ್ದದ್ದನ್ನ ಇದ್ದಂಗ ಬರೀರಿ. ಹ್ವಾದ ಸಲದಂಗ ಚಂದ ಮಾಡಾಕ ಹೋಗಬ್ಯಾಡ್ರಿ.”

ಆಗಲಿ ಎಂದೆ. ಆಮೇಲೆ ಕೈ ತೆಗೆದ.